ಸುಡೋ ಹೋದರೆ ಮರುಸ್ಥಾಪನೆ ಬೇಕಿಲ್ಲ

ನಿಮ್ಮ ಲೇಖನದಲ್ಲಿ ಉಬುಂಟುವಿನ (ಲಿನಕ್ಸ್ ಓಎಸ್) ಸುಡೋ, ಅಂದರೆ ಅಡ್ಮಿನ್ ಅಧಿಕಾರ ಹೋದರೆ ಓಎಸ್ ಅನ್ನೇ ಹೊಸದಾಗಿ ಹಾಕಿ ಎಂದಿದ್ದೀರಿ. ಅಷ್ಟು ದೂರ ಹೋಗಬೇಕಿಲ್ಲ. ಬಹುತೇಕ ಸಲ ಆಗಿರುವುದು ಇಷ್ಟೇ: ಯೂಸರ್‌ನ ಗುಂಪುಗಳನ್ನು ಬದಲಿಸುವ ಯೂಸರ್‌ಮಾಡ್ ಕಮಾಂಡಿಗೆ ದೊಡ್ಡ 'ಜಿ' ಕೊಟ್ಟು ಸಣ್ಣ 'ಎ' ಬಿಟ್ಟಿರುತ್ತಾರೆ. ಆಗ ಹೊಸ ಗುಂಪು ಹಳೆಯವುಗಳ ಜೊತೆ ಸೇರುವ ಬದಲು ಅವುಗಳ ಜಾಗಕ್ಕೇ ಬರುತ್ತದೆ, ನೀವಿದ್ದ ಹೆಚ್ಚುವರಿ ಗುಂಪುಗಳೆಲ್ಲ ಕೈತಪ್ಪುತ್ತವೆ, ಸುಡೋ ಕೂಡ.

ಇನ್ನೂ ಲಾಗ್‌ಔಟ್ ಮಾಡಿಲ್ಲವೇ? ಮಾಡಬೇಡಿ. ತೆರೆದಿರುವ ಟರ್ಮಿನಲ್‌ನಲ್ಲಿ ಸಾಮಾನ್ಯವಾಗಿ ಹಳೆಯ ಅಧಿಕಾರವೇ ನಡೆಯುತ್ತಿರುತ್ತದೆ, ಅಲ್ಲೇ ಸರಿಪಡಿಸಬಹುದು.

ಮಾಡಿಬಿಟ್ಟಿದ್ದರೆ ರೀಸ್ಟಾರ್ಟ್ ಮಾಡಿ, ಯುಇಎಫ್‌ಐ ಯಂತ್ರವಾದರೆ ಎಸ್ಕೇಪ್, ಹಳೆಯ ಬಯಾಸ್ ಆದರೆ ಶಿಫ್ಟ್ ಒತ್ತಿ ಗ್ರಬ್ ಮೆನು (ಓಎಸ್ ಶುರುವಾಗುವ ಮುಂಚಿನ ಪಟ್ಟಿ) ತರಿಸಿ. ಅಡ್ವಾನ್ಸ್ಡ್ ಆಪ್ಷನ್ಸ್, ರಿಕವರಿ ಮೋಡ್, ರೂಟ್ ಶೆಲ್ (ಪೂರ್ಣ ಅಧಿಕಾರದ ಕಮಾಂಡ್ ಪರದೆ) ಒಂದೊಂದಾಗಿ ಆರಿಸಿ. ಇಲ್ಲಿ ಡಿಸ್ಕ್ ಓದಲಷ್ಟೇ ತೆರೆದಿರಬಹುದು. ಮೊದಲು ರೂಟ್ ವಿಭಾಗವನ್ನು ಬರೆಯಲೂ ಆಗುವಂತೆ ರೀಮೌಂಟ್ ಮಾಡದಿದ್ದರೆ (ಮತ್ತೆ ತೆರೆಯದಿದ್ದರೆ) ಮುಂದಿನ ಕಮಾಂಡ್ ವಿಫಲ. ನಂತರ ಆ್ಯಡ್‌ಯೂಸರ್, ನಿಮ್ಮ ಯೂಸರ್ ಹೆಸರು, ಸುಡೋ, ಈ ಮೂರನ್ನೂ ನಡುವೆ ಜಾಗ ಬಿಟ್ಟು ಒಂದೇ ಸಾಲಿನಲ್ಲಿ ಕೊಡಿ.

ಉಳಿದ ಗುಂಪುಗಳನ್ನು ಮರೆಯಬೇಡಿ (ಪ್ರಿಂಟರ್‌ಗೆ ಎಲ್‌ಪಿಅಡ್ಮಿನ್, ಲಾಗ್ ಓದಲು ಎಡಿಎಂ). ಹಳೆಯ ಪಟ್ಟಿ ಇಟಿಸಿ ಫೋಲ್ಡರಿನೊಳಗೆ, ಗ್ರೂಪ್ ಎಂಬ ಹೆಸರಿನ ಕೊನೆಗೆ ಅಡ್ಡಗೆರೆಯಿರುವ ಫೈಲಿನಲ್ಲಿದೆ. ಅದು ಕೊನೆಯ ಬದಲಾವಣೆಗೆ ಮುಂಚಿನ ಪ್ರತಿ ಮಾತ್ರ, ಆದ್ದರಿಂದ ಆ್ಯಡ್‌ಯೂಸರ್ ಸೇರಿದಂತೆ ಯಾವ ಬದಲಾವಣೆಗೂ ಮೊದಲೇ ನಕಲು ಮಾಡಿಕೊಳ್ಳಿ.

ಇಡೀ ರೂಟ್ ಫೋಲ್ಡರಿಗೆ 777 (ಎಲ್ಲರಿಗೂ ಎಲ್ಲ ಅನುಮತಿ) ಹಾಕಿದ್ದರೆ ಮಾತ್ರ ನಿಮ್ಮ ಮಾತು ಸರಿ. ಅಲ್ಲಿ ಡೇಟಾ ತೆಗೆದಿಟ್ಟುಕೊಂಡು ಮರುಸ್ಥಾಪಿಸುವುದೇ ಬೇಗ.