ಭಾವನ ಎಕ್ಸೆಲ್ ಮತ್ತು ಒಂದು ದಿನದ ಡಿಸ್ನಿಲ್ಯಾಂಡ್

ನಮ್ಮ ಭಾವ ಲಂಡನ್ನಿನ ಹೌನ್ಸ್ಲೋದಲ್ಲಿದ್ದಾರೆ. ಬುದ್ಧಿವಂತರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅಕ್ಕ ಇದನ್ನು ಓದುತ್ತಾಳೆ.

ಮೊನ್ನೆ ವಿಡಿಯೊ ಕಾಲ್ ಮಾಡಿ, "ಪುಟ್ಟೀನ ಡಿಸ್ನಿಲ್ಯಾಂಡ್‌ಗೆ ಕರ್ಕೊಂಡು ಹೋಗ್ತಿದ್ದೀವಿ ಕಣೋ, ಪ್ಯಾರಿಸ್‌ದು" ಎಂದರು. ಎಷ್ಟು ದಿನಕ್ಕೆ ಭಾವ ಎಂದು ಕೇಳಿದೆ. "ಎಷ್ಟು ದಿನ ಏನು ಬಂತು, ಬೆಳಿಗ್ಗೆ ಹೋಗಿ ರಾತ್ರಿ ವಾಪಸ್."

ಲಂಡನ್ನಿನಿಂದ ಪ್ಯಾರಿಸ್‌ಗೆ ರೈಲಿನ ದಾರಿ ಸುಮಾರು 490 ಕಿಲೋಮೀಟರ್. ಅಂದರೆ ಬೆಂಗಳೂರಿನಿಂದ ಬೆಳಗಾವಿಗೆ ಹೋಗಿ, ಕುಂದಾ ತಿಂದು, ರಾತ್ರಿ ಮನೆಗೆ ಬಂದು ಮಲಗಿದ ಹಾಗೆ. ನಡುವೆ ಒಂದು ಸಮುದ್ರ ಬೇರೆ ಇದೆ.

ಬ್ರಿಟನ್ನಿನಲ್ಲಿ ಈಗ ಇದೇ ಫ್ಯಾಷನ್ ಅಂತೆ. ಬೆಳಗಿನ ಜಾವ ವಿಮಾನ ಹತ್ತಿ, ಇಟಲಿಯಲ್ಲಿ ಪಿಜ್ಜಾ ತಿಂದು, ಅದರ ಫೋಟೊ ಹಾಕಿ, ರಾತ್ರಿ ಸ್ವಂತ ಹಾಸಿಗೆಯಲ್ಲಿ ಮಲಗುವುದು. ಎಕ್ಸ್‌ಟ್ರೀಮ್ ಡೇ ಟ್ರಿಪ್ ಎಂದು ಹೆಸರು. ಹೋಟೆಲ್ ದುಡ್ಡು ಉಳಿಯುತ್ತದೆ ಎಂಬುದು ಇದರ ಹಿಂದಿನ ಲೆಕ್ಕ. ನಮ್ಮ ಅಪ್ಪ ರಾತ್ರಿ ಬಸ್ಸಿನಲ್ಲಿ ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಮರುದಿನ ರಾತ್ರಿ ಬಸ್ಸಿಗೇ ವಾಪಸ್ ಹತ್ತಿಸುತ್ತಿದ್ದರು. ಆಗ ಯಾರೂ ಅದಕ್ಕೆ ಎಕ್ಸ್‌ಟ್ರೀಮ್ ಅನ್ನಲಿಲ್ಲ, ಜಿಪುಣತನ ಅಂದರು.

ಸ್ವಲ್ಪ ನಿಧಾನಕ್ಕೆ ಎರಡು ದಿನ ಉಳಿದು ಬರಬಾರದಾ ಎಂದರೆ ಭಾವನ ಹತ್ತಿರ ಅದಕ್ಕೂ ಉತ್ತರ ಇದೆ. ಶಾಲೆಗೆ ರಜೆ ಬಂದ ಕೂಡಲೇ ಹೋಟೆಲ್, ರೈಲು ಎಲ್ಲದರ ರೇಟೂ ಮೇಲೇರುತ್ತದೆ. ಶಾಲೆ ನಡೆಯುವಾಗ ಐದು ದಿನ ಚಕ್ಕರ್ ಹಾಕಿಸಿದರೆ ದಂಡ. 2024ರಿಂದ ಇಂಗ್ಲೆಂಡಿನಲ್ಲಿ ಆ ದಂಡ 80 ಪೌಂಡ್, ತಡ ಮಾಡಿದರೆ 160. ಅದೂ ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ. ಹಾಗಾಗಿ ಉಳಿದದ್ದು ಒಂದು ಶನಿವಾರ.

ಆ ಒಂದು ಶನಿವಾರಕ್ಕೆ ಭಾವ ಮೂರು ತಿಂಗಳಿಂದ ತಯಾರಿ ನಡೆಸುತ್ತಿದ್ದಾರೆ.

ಮೊದಲು ವೀಸಾ. ಪುಟ್ಟಿ ಹುಟ್ಟಿದ್ದು ಅಲ್ಲೇ, ಅವಳದು ಬ್ರಿಟಿಷ್ ಪಾಸ್‌ಪೋರ್ಟ್, ಅವಳಿಗೆ ಫ್ರಾನ್ಸಿಗೆ ವೀಸಾ ಬೇಡ. ಅಕ್ಕ ಭಾವ ಇಬ್ಬರದೂ ಭಾರತದ್ದು, ಅವರಿಗೆ ಷೆಂಗೆನ್ ಎಂಬ ಯುರೋಪಿನ ವೀಸಾ ಬೇಕೇ ಬೇಕು. ಹೀಗಾಗಿ ಆ ಮನೆಯಲ್ಲಿ ಶೂ ಲೇಸ್ ಕಟ್ಟಿಕೊಳ್ಳಲು ಬಾರದ ಏಳು ವರ್ಷದವಳನ್ನು ಮಾತ್ರ ಯುರೋಪು ನಂಬುತ್ತದೆ. ಅವಳನ್ನು ಕೈಹಿಡಿದು ಕರೆದೊಯ್ಯುವವರು ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಕೆಲಸದ ಪತ್ರ, ತಲಾ 90 ಯೂರೋ, ಮೇಲೆ ವೀಸಾ ಕೇಂದ್ರದ ಸೇವಾ ಶುಲ್ಕ ಎಲ್ಲ ಒಪ್ಪಿಸಿ, ನಾವು ಒಳ್ಳೆಯವರು ಸ್ವಾಮಿ ಎಂದು ಬೆರಳಚ್ಚು ಕೊಡಬೇಕು. ಜೊತೆಗೆ ಕಡಿಮೆಯೆಂದರೂ 30,000 ಯೂರೋ ಚಿಕಿತ್ಸೆ ಖರ್ಚು ಕೊಡುವ ಇನ್ಶೂರೆನ್ಸ್. ಒಂದು ದಿನದಲ್ಲಿ ಅಷ್ಟು ದುಡ್ಡಿನ ಕಾಯಿಲೆ ಬರಿಸಿಕೊಳ್ಳುವುದೂ ಸುಲಭವಲ್ಲ, ಬಹಳ ಪ್ಲ್ಯಾನ್ ಬೇಕು.

ಎಲ್ಲಕ್ಕಿಂತ ಮಜಾ ಹೋಟೆಲ್ ಬುಕಿಂಗ್ ಕೇಳಿದ್ದು. ಎಲ್ಲಿ ತಂಗುತ್ತೀರಿ ಎನ್ನುವುದಕ್ಕೆ ಸಾಕ್ಷಿ ಕೊಡಿ ಎಂದು ಪಟ್ಟಿಯಲ್ಲಿದೆ. ತಂಗುವುದೇ ಇಲ್ಲವಲ್ಲ! ನಾವು ನಿಮ್ಮ ದೇಶದಲ್ಲಿ ಎಲ್ಲೂ ಮಲಗುವುದಿಲ್ಲ, ಅದೇ ರಾತ್ರಿ ಹೊರಟುಬಿಡುತ್ತೇವೆ ಎಂದು ಭಾವ ಒಂದೂವರೆ ಪುಟದ ಪತ್ರ ಬರೆದು ಸಹಿ ಹಾಕಿದ್ದಾರೆ. ಬಂದವರು ವಾಪಸ್ ಹೋಗುತ್ತಾರೋ ಇಲ್ಲವೋ ಎಂಬುದೇ ವೀಸಾ ಆಫೀಸುಗಳ ದೊಡ್ಡ ಚಿಂತೆ ಅಲ್ವಾ. ಬರುವ ಮೊದಲೇ ವಾಪಸ್ ಹೋಗುವ ರೈಲಿನ ಸೀಟ್ ನಂಬರ್ ಬಾಯಿಪಾಠ ಮಾಡಿಕೊಂಡವನನ್ನು ಏನು ಮಾಡಬೇಕು ಎನ್ನುವುದಕ್ಕೆ ಫಾರಂನಲ್ಲಿ ಜಾಗವೇ ಇಲ್ಲ.

ಅಂತೂ ವೀಸಾ ಬಂತು. ಉಳಿಯುವ ಅವಧಿ: 1 ದಿನ. ಪಾಸ್‌ಪೋರ್ಟಿನ ಒಂದು ಇಡೀ ಪುಟ ತಿಂದು ಕೂತಿದೆ.

ಇನ್ನು ರೈಲು. 1996ರಿಂದ 2023ರ ಜೂನ್ ತನಕ ಲಂಡನ್ನಿನಲ್ಲಿ ಯೂರೋಸ್ಟಾರ್ ಹತ್ತಿ ಕೂತರೆ ನೇರ ಡಿಸ್ನಿಲ್ಯಾಂಡ್ ಬಾಗಿಲಲ್ಲೇ ಇಳಿಯಬಹುದಿತ್ತು. ಸ್ಟೇಷನ್ ಈಗಲೂ ಅಲ್ಲೇ ಇದೆ, ಲಂಡನ್ನಿನ ನೇರ ರೈಲು ಇಲ್ಲ. ಬ್ರಿಟನ್ ಯುರೋಪಿನ ಒಕ್ಕೂಟ ಬಿಟ್ಟು ಬ್ರೆಕ್ಸಿಟ್ ಆದಮೇಲೆ ಗಡಿ ತಪಾಸಣೆಯ ತಾಪತ್ರಯ ಜಾಸ್ತಿಯಾಯಿತು ಎಂಬುದೂ ಒಂದು ಕಾರಣ. ಈಗ ಪ್ಯಾರಿಸ್‌ನ ಗಾರ್ ದು ನಾರ್‌ನಲ್ಲಿ ಇಳಿದು, ಲೋಕಲ್ ರೈಲು ಹಿಡಿದು, ನಡುವೆ ಇನ್ನೊಂದಕ್ಕೆ ಬದಲಾಯಿಸಿ, ಊರಿನಿಂದ 32 ಕಿಲೋಮೀಟರ್ ಪೂರ್ವಕ್ಕೆ ಹೋಗಬೇಕು. ಪ್ಯಾರಿಸ್ ಎಂದು ಹೆಸರಿಗೆ ಅಷ್ಟೇ. ಐಫೆಲ್ ಟವರ್ ಕಾಣುತ್ತಾ ಎಂದು ಪುಟ್ಟಿ ಕೇಳಿದ್ದಾಳೆ. ಭಾವ ಇಡೀ ದಿನದ ಪ್ಲ್ಯಾನ್ ಬರೆದಿಟ್ಟ ಎಕ್ಸೆಲ್‌ನಲ್ಲಿ ಅದಕ್ಕೆ ಸಾಲಿಲ್ಲ.

ಎಕ್ಸೆಲ್ ನೋಡಿದೆ. ಬೆಳಗಿನ ಜಾವ 3.25ಕ್ಕೆ ಮನೆ ಬಿಡುವುದು. ಶುಕ್ರವಾರ ರಾತ್ರಿ ಲಂಡನ್ ಮೆಟ್ರೊದ ಪಿಕಡಿಲಿ ಲೈನ್ ರಾತ್ರಿಯಿಡೀ ಓಡುವುದರಿಂದ ಇದು ಸಾಧ್ಯ. ಆರರ ಸುಮಾರಿಗೆ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನಿಂದ ರೈಲು. ಪ್ರಯಾಣ ಎರಡೂಕಾಲು ಗಂಟೆಯ ಮೇಲೆ ಸ್ವಲ್ಪ, ಆದರೆ ಫ್ರಾನ್ಸಿನ ಗಡಿಯಾರ ಒಂದು ಗಂಟೆ ಮುಂದಿದೆ, ಅದೂ ಕಟ್. ಆ ಗಂಟೆಯನ್ನು ರಾತ್ರಿ ಬರುವಾಗ ವಾಪಸ್ ಕೊಡುತ್ತಾರೆ, ಪಾರ್ಕಿನಲ್ಲಿ ಅಲ್ಲ, ಸಮುದ್ರದ ಕೆಳಗಿನ ಸುರಂಗದಲ್ಲಿ, ಎಲ್ಲರೂ ಬಾಯಿ ಬಿಟ್ಟು ಗೊರಕೆ ಹೊಡೆಯುತ್ತಿರುವಾಗ. ಗೇಟಿನೊಳಗೆ ಕಾಲಿಡುವಾಗ ಹತ್ತೂ ಮುಕ್ಕಾಲು. ಕೊನೆ ರೈಲು ರಾತ್ರಿ ಒಂಬತ್ತರ ಸುಮಾರಿಗೆ, ಅದಕ್ಕೂ ಮೊದಲು ಮತ್ತೆ ಪಾಸ್‌ಪೋರ್ಟ್ ಕ್ಯೂ, ಹಾಗಾಗಿ ಸಂಜೆ ಆರೂವರೆಗೆ ಪಾರ್ಕ್ ಬಿಡಬೇಕು. ಕೋಟೆಯ ಮೇಲೆ ಪಟಾಕಿ ಸಿಡಿಯುವ ಆ ಚಿತ್ರ ಇದೆಯಲ್ಲ, ಎಲ್ಲ ಜಾಹೀರಾತಿನಲ್ಲೂ ಇರುವುದು, ಅದು ಪಾರ್ಕ್ ಮುಚ್ಚುವ ಹೊತ್ತಿಗೆ ನಡೆಯುತ್ತದೆ. ಇವರು ಆಗ ಗಾರ್ ದು ನಾರ್‌ನಲ್ಲಿ ಬೆಲ್ಟ್ ಬಿಚ್ಚಿ ಟ್ರೇಗೆ ಹಾಕುತ್ತಿರುತ್ತಾರೆ.

ಒಳಗೆ ಹೋದರೂ ಮತ್ತೆ ಕ್ಯೂ. ಮೊದಲು ಫಾಸ್ಟ್‌ಪಾಸ್ ಎಂದು ಪುಕ್ಕಟೆ ಚೀಟಿ ಇತ್ತು, 2021ರಲ್ಲಿ ಅದರ ಜಾಗಕ್ಕೆ ದುಡ್ಡು ಕೊಟ್ಟು ಕೊಳ್ಳುವ ಪ್ರೀಮಿಯರ್ ಆ್ಯಕ್ಸೆಸ್ ಬಂತು. ಟಿಕೆಟ್ ದುಡ್ಡು ಕ್ಯೂನಲ್ಲಿ ನಿಲ್ಲಲಿಕ್ಕೆ, ಈ ದುಡ್ಡು ಕ್ಯೂನಲ್ಲಿ ನಿಲ್ಲದಿರಲಿಕ್ಕೆ. ನಗಬೇಡಿ, ತಿರುಪತಿಯ 300 ರೂಪಾಯಿ ದರ್ಶನದಲ್ಲಿ ನಿಂತವರು ನಾವೇ. ಅಲ್ಲಿ ಕೊನೆಗೆ ಒಂದು ಲಡ್ಡಾದರೂ ಸಿಗುತ್ತದೆ.

ಭಾವ ಹುಷಾರು, ಒಂದೇ ಆಟಕ್ಕೆ ಆ ದುಡ್ಡು ಇಟ್ಟಿದ್ದಾರೆ: ಬಿಗ್ ಥಂಡರ್ ಮೌಂಟನ್. ಹಳೇ ಗಣಿ ರೈಲಿನ ಆಟ. ಅದರ ಬೆಟ್ಟ ಇರುವುದು ಕೆರೆ ನಡುವಿನ ದ್ವೀಪದಲ್ಲಿ, ಅಲ್ಲಿಗೆ ರೈಲು ಹೋಗುವುದು ನೀರಿನ ಕೆಳಗಿನ ಸುರಂಗದಲ್ಲಿ. ಅಂದರೆ ಸಮುದ್ರದ ಕೆಳಗೆ ರೈಲಿನಲ್ಲಿ ಬಂದು, ಎಕ್ಸ್‌ಟ್ರಾ ದುಡ್ಡು ಕೊಟ್ಟು, ಕೆರೆಯ ಕೆಳಗೆ ರೈಲಿನಲ್ಲಿ ಹೋಗುವುದು. ಸುಮಾರು ನಾಲ್ಕು ನಿಮಿಷ.

ಎಲ್ಲ ಮುಗಿದಿತ್ತು, ಅಷ್ಟರಲ್ಲಿ ಅಕ್ಕ ಮಧ್ಯೆ ಬಂದು, "ಮೊಸರನ್ನ ಕಲಸ್ಕೊಂಡು ಹೋಗ್ತೀನಿ, ಅಲ್ಲಿ ನಂಗೇನು ತಿನ್ನೋಕೆ ಸಿಗುತ್ತೆ" ಎಂದಳು. ಭಾವನ ಮುಖ ಬಿಳಿಚಿತು. 2021ರ ಜನವರಿಯಿಂದ ಬ್ರಿಟನ್ನಿನವರು ಮಾಂಸ, ಹಾಲಿನ ಪದಾರ್ಥ ಕಟ್ಟಿಕೊಂಡು ಯುರೋಪಿನ ಒಕ್ಕೂಟದೊಳಗೆ ಹೋಗುವ ಹಾಗಿಲ್ಲ. ನೆದರ್‌ಲೆಂಡ್ಸ್ ಗಡಿಯಲ್ಲಿ ಬ್ರಿಟನ್ನಿನಿಂದ ಬಂದ ಡ್ರೈವರ್‌ಗಳ ಹ್ಯಾಮ್ ಸ್ಯಾಂಡ್‌ವಿಚ್ ಕಿತ್ತುಕೊಂಡದ್ದು ಆಗ ಟಿವಿಯಲ್ಲೇ ಬಂದಿತ್ತು. ಒಬ್ಬ, ಮಾಂಸ ತಗೊಳ್ಳಿ, ಬ್ರೆಡ್ಡಾದರೂ ಬಿಡಿ ಎಂದು ಕೇಳಿದರೂ ಬಿಡಲಿಲ್ಲ.

"ಹಂಗಾದ್ರೆ ಮೊಸರು ತಗೊಂಡು ಅನ್ನ ವಾಪಸ್ ಕೊಡಲ್ವಾ?" ಎಂದು ಅಕ್ಕ ಕೇಳಿದಳು. ಭಾವ ಉತ್ತರ ಕೊಡಲಿಲ್ಲ. ಪುಳಿಯೋಗರೆ ಒಯ್ಯಬಹುದು ಎಂದು ನಾನು ಸಮಾಧಾನ ಹೇಳಿದೆ. ಅಕ್ಕ ಒಪ್ಪಲಿಲ್ಲ. ಪುಳಿಯೋಗರೆ ಆದಮೇಲೆ ಮೊಸರನ್ನ ಇಲ್ಲದಿದ್ದರೆ ಅದು ಊಟವೇ ಅಲ್ಲವಂತೆ.

ನಿನ್ನೆ ಹೊಸ ಎಕ್ಸೆಲ್ ಬಂದಿದೆ. ಒಂದು ಸಾಲು ಸೇರಿದೆ, ಹಳದಿ ಬಣ್ಣದಲ್ಲಿ. ಬೆಳಗಿನ ಜಾವ 4.35, ಸೇಂಟ್ ಪ್ಯಾಂಕ್ರಸ್ ಸ್ಟೇಷನ್ ಹೊರಗಡೆ, ಮೊಸರನ್ನ, 7 ನಿಮಿಷ.