ಡಿಕ್ರಿ ಕೈಗೆ ಬಂತು, ಆಮೇಲೆ ಯಾರನ್ನು ಕೇಳೋದು?

ಪ್ರತಿ ತಿಂಗಳು ನನ್ನ ಸಂಬಳದಲ್ಲಿ ಒಂದಿಷ್ಟು ಹಣ ಹಿಡಿಯುತ್ತಾರೆ. ಅದು ನನ್ನ ಮಗಳ ಖರ್ಚಿಗೆ ಹೋಗುವ ಹಣ. ನನ್ನ ಕೈಗೆ ಬರುವ ಮೊದಲೇ ಕಂಪನಿಯವರು ಅದನ್ನು ಸರ್ಕಾರಕ್ಕೆ ಕಳಿಸುತ್ತಾರೆ, ಸರ್ಕಾರ ಅವಳ ತಾಯಿಗೆ ಕೊಡುತ್ತದೆ. ನಾನು ಮರೆಯೋಕೂ ಆಗಲ್ಲ, ಮುಂದಕ್ಕೆ ಹಾಕೋಕೂ ಆಗಲ್ಲ. ನಾವು ಬೇರೆಯಾಗಿ ಐದು ವರ್ಷವಾಯಿತು. ಈ ದುಡ್ಡಿನ ವಿಷಯಕ್ಕೆ ಒಂದು ಸಲವೂ ಮಾತಿಗೆ ಮಾತು ಬೆಳೆದಿಲ್ಲ.

ನಾನಿರುವುದು ಮೆಲ್ಬರ್ನ್‌ನಲ್ಲಿ. ಊರು ಬೆಂಗಳೂರು, ಹನುಮಂತನಗರ. ಅಲ್ಲೇ ಇರುವ ನನ್ನ ತಂಗಿಗೆ ಹೋದ ವರ್ಷ ಡಿವೋರ್ಸ್ ಆಯಿತು. ಮಗನ ಖರ್ಚಿಗೆ ತಿಂಗಳಿಗೆ 15,000 ರೂಪಾಯಿ ಕೊಡಬೇಕು ಎಂದು ಡಿಕ್ರಿಯಲ್ಲೇ, ಅಂದರೆ ಕೋರ್ಟಿನ ಅಂತಿಮ ಆದೇಶದಲ್ಲೇ ಬರೆದಿದೆ. ನಾಲ್ಕು ತಿಂಗಳು ಬಂತು. ಐದನೇ ತಿಂಗಳು ನಿಂತುಹೋಯಿತು. ಅವಳು ತನ್ನ ವಕೀಲರಿಗೆ ಫೋನ್ ಮಾಡಿದಳು. "ನಿಮ್ಮ ಕೇಸ್ ಮುಗೀತಲ್ಲ ಮೇಡಂ. ಇದಕ್ಕೆ ಬೇರೆ ಅರ್ಜಿ ಹಾಕಬೇಕು, ಅದರ ಫೀಸೇ ಬೇರೆ" ಅಂದರಂತೆ. ಅವತ್ತು ರಾತ್ರಿ ಅವಳು ನನಗೆ ಫೋನ್ ಮಾಡಿ ಕೇಳಿದ್ದು ಒಂದೇ ಮಾತು. "ಅಣ್ಣ, ಹಾಗಾದ್ರೆ ಮುಗಿದಿದ್ದು ಏನು?"

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮದುವೆ ಮುರಿಯುವ ತನಕ ಸಲಹೆ ಕೊಡುವವರು ನಮ್ಮಲ್ಲಿ ಬೇಕಾದಷ್ಟು ಜನ. ಡಿಕ್ರಿ ಬಂದ ಮರುದಿನದಿಂದ ಯಾರೂ ಇಲ್ಲ. ಆದರೆ ನಿಜವಾದ ಕಷ್ಟ ಶುರುವಾಗುವುದೇ ಆಗ.

ಇಲ್ಲಿ ಆಸ್ಟ್ರೇಲಿಯಾದಲ್ಲಿ ಡಿವೋರ್ಸ್ ಕೇಳಿದರೆ 1975ರ ಕುಟುಂಬ ಕಾನೂನು ತಪ್ಪು ಯಾರದು ಅಂತ ಕೇಳುವುದೇ ಇಲ್ಲ. ಹನ್ನೆರಡು ತಿಂಗಳು ಬೇರೆ ಇದ್ದೀರಾ, ಮತ್ತೆ ಒಂದಾಗುವ ದಾರಿ ಇಲ್ಲವಾ, ಅಷ್ಟೇ. ನಾವಿಬ್ಬರೂ ಸೇರಿ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದೆವು. ಕೋರ್ಟಿಗೆ ಹೋಗಲೇ ಇಲ್ಲ. ಆದೇಶವಾಗಿ ಒಂದು ತಿಂಗಳು ಒಂದು ದಿನಕ್ಕೆ ಡಿವೋರ್ಸ್ ಜಾರಿಯಾಯಿತು. (ಊರಲ್ಲಿ ಮದುವೆಯಾಗಿ ಹೊರದೇಶದಲ್ಲಿ ಬೇರೆಯಾಗುವವರು ಗಮನಿಸಬೇಕು. ಒಬ್ಬರೇ ಹೋಗಿ ತಂದ ವಿದೇಶಿ ಡಿಕ್ರಿಯನ್ನು ನಮ್ಮ ಕೋರ್ಟುಗಳು ಸುಲಭವಾಗಿ ಒಪ್ಪುವುದಿಲ್ಲ. 1991ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಎದುರಿನವರ ಒಪ್ಪಿಗೆ ಇದ್ದರೆ ಆ ತೊಂದರೆ ಇಲ್ಲ. ನಾವು ಜಂಟಿಯಾಗಿ ಹಾಕಿದ್ದು ಅದಕ್ಕೇ.)

ನಮ್ಮ 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಒಬ್ಬರೇ ಕೇಸ್ ಹಾಕಿದರೆ ಕಾರಣ ತೋರಿಸಬೇಕು. ಕ್ರೌರ್ಯ, ಬಿಟ್ಟುಹೋಗಿದ್ದು, ಹೀಗೆ. ಆಗ ಅರ್ಜಿಯಲ್ಲಿ ಒಬ್ಬರ ಮೇಲೊಬ್ಬರು ಏನೇನೋ ಬರೆಯುತ್ತಾರೆ. ನನ್ನ ತಂಗಿ ಬಗ್ಗೆ ಅವಳ ಗಂಡನ ಕಡೆಯವರು ಬರೆಸಿದ ಸಾಲುಗಳನ್ನು ನಾನು ಓದಿದ್ದೇನೆ. ಅಮ್ಮನಿಗೆ ಇವತ್ತಿಗೂ ತೋರಿಸಿಲ್ಲ. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ, ಅಂದರೆ ಆ ಕಾಯ್ದೆಯ 13ಬಿ ಸೆಕ್ಷನ್, ಬಂದಿದ್ದು 1976ರಲ್ಲಿ. ಕೊನೆಗೆ ಅವರೂ ಅದೇ ದಾರಿಗೆ ಬಂದರು. ಆದರೆ ಅಷ್ಟರಲ್ಲಿ ಎರಡು ವರ್ಷ ವಾಯಿದೆ ಮೇಲೆ ವಾಯಿದೆ ಆಗಿಹೋಗಿತ್ತು.

ಹಾಗಂತ ಮೆಲ್ಬರ್ನ್‌ನಲ್ಲಿ ಎಲ್ಲ ಚೆನ್ನ, ಬೆಂಗಳೂರಿನಲ್ಲಿ ಎಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಅರ್ಜಿ ಶುಲ್ಕವೇ ಸಾವಿರ ಡಾಲರ್‌ಗಿಂತ ಜಾಸ್ತಿ. ಆಸ್ತಿ ಹಂಚಿಕೆ ಅಂತ ವಕೀಲರ ಹತ್ತಿರ ಹೋದರೆ ಗಂಟೆಗಿಷ್ಟು ಅಂತ ಬಿಲ್ ಬರುತ್ತದೆ. ಸರ್ಕಾರದ ಉಚಿತ ವಕೀಲರು ಬೇಕೆಂದರೆ ನಿಮ್ಮ ಆದಾಯ ಎಷ್ಟು, ಆಸ್ತಿ ಎಷ್ಟು ಎಂದು ನೋಡುತ್ತಾರೆ. ನಮ್ಮಲ್ಲಿ ಹಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಉಚಿತವಾಗಿ ವಕೀಲರನ್ನು ಪಡೆಯುವ ಹಕ್ಕಿದೆ. ಇದು ಎಂಥ ದೊಡ್ಡ ಹಕ್ಕು! ಇಲ್ಲಿನ ನನ್ನ ಸಹೋದ್ಯೋಗಿಗಳಿಗೆ ಹೇಳಿದರೆ ನಂಬುವುದಿಲ್ಲ.

ಆದರೆ ನನ್ನ ತಂಗಿಗೆ ಇದು ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ ಫ್ಯಾಮಿಲಿ ಕೋರ್ಟ್ ಇದೆ. ಕರ್ನಾಟಕ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಇರುವುದೂ ಅದೇ ಕಟ್ಟಡದಲ್ಲಿ. ಅವಳು ಎರಡು ವರ್ಷ ಅದೇ ಮೆಟ್ಟಿಲು ಹತ್ತಿ ಇಳಿದಿದ್ದಾಳೆ. "ಒಳಗೆ ಹೋಗಿ ಒಂದು ಮಾತು ಕೇಳಿ" ಅಂತ ಯಾರೂ ಹೇಳಲಿಲ್ಲ. ಕೈಯಲ್ಲಿದ್ದ ಎರಡು ಬಳೆ ಮಾರಿ ಫೀಸ್ ಕಟ್ಟಿದಳು. ಇದು ನೆನಪಾದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಅದೇ ಕಟ್ಟಡದಲ್ಲಿ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರವೂ ಇದೆ, 2007ರಿಂದ. ಅವರ ಕೆಲಸವನ್ನು ಮನಸಾರೆ ಹೊಗಳುತ್ತೇನೆ. ಎರಡು ವರ್ಷ ಎಳೆದಾಡಿದ್ದು ಅಲ್ಲಿ ಮೂರು ಸಿಟ್ಟಿಂಗ್‌ನಲ್ಲಿ ಇತ್ಯರ್ಥವಾಯಿತು. ಮೀಡಿಯೇಟರ್ ಕನ್ನಡದಲ್ಲೇ ಮಾತಾಡಿಸಿದರು. ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಹೊರಗೆ ಅಮ್ಮ, ಚಿಕ್ಕಪ್ಪ ಊಟದ ಡಬ್ಬಿ ಇಟ್ಟುಕೊಂಡು ಕಾಯುತ್ತಿದ್ದರು. ನನ್ನ ಡಿವೋರ್ಸ್ ಇಮೇಲ್‌ನಲ್ಲಿ ಬಂದ ದಿನ ಮನೆಯಲ್ಲಿ ನಾನೊಬ್ಬನೇ ಇದ್ದೆ.

ಇನ್ನು ಮನೆ ವಿಷಯ. ತಂಗಿ ಹನ್ನೊಂದು ವರ್ಷ ಸಂಸಾರ ನಡೆಸಿದಳು. ಮಗ ಹುಟ್ಟಿದ ಮೇಲೆ ಕೆಲಸ ಬಿಟ್ಟಳು. ಫ್ಲ್ಯಾಟ್ ಮಾತ್ರ ಗಂಡನ ಹೆಸರಲ್ಲಿತ್ತು, ಅವನಿಗೇ ಹೋಯಿತು. ಇಲ್ಲಿ ಆಸ್ತಿ ಹಂಚುವಾಗ ಅಡುಗೆ ಮಾಡಿದ್ದು, ಮಗು ನೋಡಿಕೊಂಡಿದ್ದು ಕೂಡ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಸ್ತ್ರೀಧನ ಕೇಳಬಹುದು, ಜೀವನಾಂಶ ಕೇಳಬಹುದು, ಆದರೆ ಗಂಡನ ಹೆಸರಲ್ಲಿ ಕೊಂಡ ಮನೆಯಲ್ಲಿ ಇಷ್ಟು ಪಾಲು ನನ್ನದು ಅನ್ನೋಕೆ ಆಗಲ್ಲ. ಪಕ್ಕದ ಗೋವಾದಲ್ಲಿ ಗಂಡ ಹೆಂಡತಿಯ ಆಸ್ತಿಯನ್ನು ಒಟ್ಟಿಗೆ ನೋಡುವ ಕಾನೂನು ಹಿಂದಿನಿಂದಲೂ ಇದೆ. ನಮಗೆ ಯಾಕೆ ಬೇಡ?

ಕಾನೂನು ಬದಲಾಗೋಕೆ ಕಾಲ ಬೇಕು, ಒಪ್ಪುತ್ತೇನೆ. ಆದರೆ ದುಡ್ಡು ನಿಂತಾಗ ಏನು ಮಾಡಬೇಕು ಅನ್ನುವುದಕ್ಕೆ ಈಗಿರುವ ಕಾನೂನೇ ಸಾಕು. ಸಂಬಳ ಜಪ್ತಿ ಮಾಡಿಸಬಹುದು. ಜೀವನಾಂಶದ ಡಿಕ್ರಿಯಾದರೆ ಸಂಬಳದ ಮೂರನೇ ಒಂದು ಭಾಗವನ್ನು ಮಾತ್ರ ಮುಟ್ಟುವ ಹಾಗಿಲ್ಲ, ಉಳಿದದ್ದನ್ನು ಜಪ್ತಿಗೆ ಕೇಳಬಹುದು. ಕ್ರಿಮಿನಲ್ ಪ್ರಕ್ರಿಯೆಯ ಕಾನೂನಿನಲ್ಲಿ, ಅಂದರೆ ಹಳೆಯ ಸಿಆರ್‌ಪಿಸಿಯ 125ನೇ ಸೆಕ್ಷನ್, ಈಗಿನ ಬಿಎನ್‌ಎಸ್‌ಎಸ್‌ನ 144ನೇ ಸೆಕ್ಷನ್‌ನಲ್ಲಿ ಜೀವನಾಂಶದ ಆದೇಶ ಪಡೆದವರಿಗೆ ವಸೂಲಿ ವಾರಂಟ್ ಇದೆ, ಕೊಡದಿದ್ದರೆ ಜೈಲೂ ಇದೆ. ಒಂದು ಎಚ್ಚರಿಕೆ. ಬಾಕಿ ಬಿದ್ದ ಒಂದು ವರ್ಷದೊಳಗೆ ಆ ವಾರಂಟಿಗೆ ಅರ್ಜಿ ಹಾಕಬೇಕು. "ಪಾಪ, ಕೊಡ್ತಾನೆ ಬಿಡು" ಅಂತ ಕಾದು ಕೂತರೆ ಹಳೆಯ ತಿಂಗಳುಗಳ ಹಣಕ್ಕೆ ಈ ದಾರಿ ಮುಚ್ಚಿಹೋಗುತ್ತದೆ.

ತೊಡಕು ಇರುವುದು ಬೇರೆ ಕಡೆ. 2020ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಆಸ್ತಿಯ ಅಫಿಡವಿಟ್ ಕೊಡಬೇಕು. ಒಳ್ಳೆಯದೇ. ಆದರೆ ಅದು ಅವತ್ತಿನ ಲೆಕ್ಕ. ತಂಗಿಯ ಮಾಜಿ ಗಂಡ ವೈಟ್‌ಫೀಲ್ಡ್‌ನ ಕೆಲಸ ಬಿಟ್ಟು ಹೈದರಾಬಾದಿಗೆ ಹೋದ. ಹೊಸ ಕಂಪನಿ ಯಾವುದು ಅಂತ ಈಗ ಅವಳೇ ಹುಡುಕಬೇಕು. ಹಳೆಯ ಸ್ನೇಹಿತರಿಗೆ ಫೋನ್ ಮಾಡಿ, ನಾಚಿಕೆ ಬಿಟ್ಟು ಕೇಳಬೇಕು. ನಾನು ಕೆಲಸ ಬದಲಿಸಿದರೆ ಇಲ್ಲಿನ ಸರ್ಕಾರಕ್ಕೆ ತೆರಿಗೆ ಇಲಾಖೆಯಿಂದಲೇ ಗೊತ್ತಾಗುತ್ತದೆ. ಇಬ್ಬರ ಆದಾಯ, ಮಗು ಯಾರ ಮನೆಯಲ್ಲಿ ಎಷ್ಟು ರಾತ್ರಿ ಇರುತ್ತದೆ, ಅದರ ವಯಸ್ಸು, ಇಷ್ಟರ ಮೇಲೆ ಮೊತ್ತ ನಿಗದಿಯಾಗುತ್ತದೆ. ಮಗಳ ತಾಯಿ ನನ್ನನ್ನು ಬೇಡಬೇಕಾಗಿಲ್ಲ. ಬೇಡಿಸಿಕೊಳ್ಳುವ ಸ್ಥಿತಿ ನನಗೂ ಇಲ್ಲ. ಕೊಡುವವನಾಗಿ ಹೇಳುತ್ತೇನೆ, ಇದರಿಂದ ನನಗೂ ನೆಮ್ಮದಿ. ಶನಿವಾರ ಮಗಳನ್ನು ಕರೆದುಕೊಂಡು ಬರೋಕೆ ಹೋದಾಗ ಬಾಗಿಲಲ್ಲಿ ದುಡ್ಡಿನ ಮಾತು ಬರುವುದೇ ಇಲ್ಲ.

ತಂಗಿಗೆ ಈಗ ಪ್ರಾಧಿಕಾರದಿಂದ ಒಬ್ಬ ವಕೀಲರು ಸಿಕ್ಕಿದ್ದಾರೆ. ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ವಿಚಾರಿಸಿ, ಆಮೇಲೆ ನ್ಯಾಯದೇಗುಲಕ್ಕೆ ಹೋಗಿ ಅರ್ಜಿ ಕೊಟ್ಟಳು. ಡಿಕ್ರಿ ಜಾರಿಗೆ ಅರ್ಜಿ ಹಾಕಿದ್ದಾಗಿದೆ.

ಡಿಸೆಂಬರ್‌ನಲ್ಲಿ ನಾನು ಊರಿಗೆ ಬರುತ್ತೇನೆ. ಪ್ರಾಧಿಕಾರಕ್ಕೆ ಒಂದು ಮನವಿ ಬರೆದಿಟ್ಟಿದ್ದೇನೆ. ಡಿಕ್ರಿಯ ಸರ್ಟಿಫೈಡ್ ಕಾಪಿ ಕೊಡುವಾಗಲೇ ಅದರ ಜೊತೆ ಕನ್ನಡದಲ್ಲಿ ಒಂದು ಹಾಳೆ ಕೊಡಿ. ಹಣ ನಿಂತರೆ ಎಲ್ಲಿಗೆ ಹೋಗಬೇಕು, ಎಷ್ಟು ದಿನದೊಳಗೆ ಹೋಗಬೇಕು, ಯಾವ ಕಾಗದ ತರಬೇಕು, ಇಷ್ಟು ಇದ್ದರೆ ಸಾಕು. ಹಾಳೆಯಲ್ಲಿ ಏನೇನು ಇರಬೇಕು ಅಂತ ತಂಗಿಯೇ ಕೂತು ಬರೆದಿದ್ದಾಳೆ. ಕೊಡೋಕೆ ಹೋಗುವಾಗ ಅವಳೂ ಜೊತೆಗೆ ಬರುತ್ತಾಳೆ.