ಬೋರ್ಡಿನ ಮೇಲಿನ ಪರ್ಸೆಂಟು ಯಾರದ್ದು?

ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ... ಗಾರ್ಮೆಂಟ್ಸ್ ಒಳಗೆ ಕಾಲಿಟ್ಟರೆ ಬ್ಯಾಚಿನ, ಅಂದರೆ ಸಾಲಾಗಿ ಹೊಲಿಯುವ ಮಷೀನುಗಳ ಲೈನಿನ, ತುದಿಗೊಂದು ಬೋರ್ಡ್ ಕಾಣುತ್ತದೆ. ಗಂಟೆಗಂಟೆಗೂ ಟಾರ್ಗೆಟ್ ಎಷ್ಟು, ಬಂದಿದ್ದೆಷ್ಟು ಅಂತ ಬರೆಯುತ್ತಾರೆ. ಆ ಅಂಕಿ ಹಿಡಿದು ಹೊಲಿಯುವ ಹೆಣ್ಣುಮಕ್ಕಳನ್ನು ಬೈಯುವುದು ಲೆಕ್ಕದ ಪ್ರಕಾರವೇ ತಪ್ಪು.

ಕಾಲರ್ ಅಟ್ಯಾಚ್, ಅಂದರೆ ಶರ್ಟಿಗೆ ಕಾಲರ್ ಜೋಡಿಸುವ ಕೆಲಸ ತಗೊಳ್ಳಿ. ಸ್ಯಾಮ್, ಅಂದರೆ ಒಂದು ಪೀಸಿಗೆ ಕೊಡಬೇಕಾದ ಸಮಯ, 0.75 ನಿಮಿಷ ಅಂತಿಟ್ಟುಕೊಳ್ಳೋಣ. ಗಂಟೆಗೆ 80 ಪೀಸ್ ಆದರೆ ನೂರಕ್ಕೆ ನೂರು. ಒಬ್ಬ ಟೈಲರ್ 52 ಹೊಲಿದರು. 52ನ್ನು 0.75ರಿಂದ ಗುಣಿಸಿದರೆ 39 ನಿಮಿಷದ ಕೆಲಸ. ಅದನ್ನು 60ರಿಂದ ಭಾಗಿಸಿ ಶೇ. 65 ಅಂತ ಬರೆದುಬಿಡುತ್ತಾರೆ. ಆದರೆ ಆ ಗಂಟೆಯಲ್ಲಿ ಹಿಂದಿನಿಂದ ಕಾಲರ್ ಬಾರದೆ 15 ನಿಮಿಷ ಅವರು ಸುಮ್ಮನೆ ಕೂತಿದ್ದರು. ಉಳಿದ 45ರಿಂದ ಭಾಗಿಸಿ ನೋಡಿ: ಶೇ. 87ರ ಹತ್ತಿರ! ಶೇ. 65ರಲ್ಲಿ ಬ್ಯಾಚಿನ ತಡವೂ ಸೇರಿದೆ. ಅವರ ಕೈಕೆಲಸದ ಲೆಕ್ಕ 87.

ಸ್ಯಾಮ್ ಹುಟ್ಟುವ ಜಾಗದಲ್ಲೇ ಇನ್ನೊಂದು ಎಡವಟ್ಟು. ಕೆಲಸದ ಸಮಯ ಅಳೆಯುವ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ಹುಡುಗ ಸ್ಟಾಪ್‌ವಾಚ್ ಹಿಡಿದು ಬ್ಯಾಚಿನ ಅತಿ ಚುರುಕಿನ ಟೈಲರ್ ಪಕ್ಕ ನಿಲ್ಲುತ್ತಾನೆ. ಪೀಸಿಗೆ 0.52 ನಿಮಿಷ ಹಿಡಿಯಿತು ಅನ್ನಿ. ಅವರ ವೇಗ ಸಾಮಾನ್ಯ ವೇಗಕ್ಕಿಂತ ಕಾಲು ಭಾಗ ಹೆಚ್ಚು, ಹಾಗಾಗಿ ರೇಟಿಂಗ್ (ಸಾಮಾನ್ಯ ವೇಗವನ್ನು 100 ಅಂತಿಟ್ಟು ಕೊಡುವ ಅಂಕ) 125 ಹಾಕಬೇಕು. 0.52ನ್ನು 1.25ರಿಂದ ಗುಣಿಸಿದರೆ 0.65 ಆಗುತ್ತದೆ. ಶೇ. 15 ಅಲೋಯೆನ್ಸ್, ಅಂದರೆ ಬಿಡುವಿನ ಸಮಯ, ಸೇರಿದರೆ ಸುಮಾರು 0.75. ರೇಟಿಂಗ್ 100 ಅಂತಲೇ ಬಿಟ್ಟರೆ? ಸ್ಯಾಮ್ 0.60ಕ್ಕೆ ಇಳಿದು ಟಾರ್ಗೆಟ್ 100ಕ್ಕೆ ಜಿಗಿಯುತ್ತದೆ. ಗಂಟೆಗೆ 20 ಪೀಸಿನ ಬೈಗುಳ ಅಲ್ಲೇ ತಯಾರಾಯಿತು.

ಆ ಶೇ. 15 ಯಾತಕ್ಕೆ? ನೀರಿಗೆ, ಟಾಯ್ಲೆಟ್‌ಗೆ, ದಣಿವಿಗೆ, ದಾರ ತುಂಡಾದಾಗ, ಬಾಬಿನ್ ಬದಲಿಸುವಾಗ. 100 ನಿಮಿಷದ ಕೆಲಸಕ್ಕೆ 15 ಸೇರಿ 115 ಆಗುವುದರಿಂದ, 480 ನಿಮಿಷದ ಶಿಫ್ಟಿನಲ್ಲಿ ಅದು 62 ನಿಮಿಷಕ್ಕೂ ಸ್ವಲ್ಪ ಹೆಚ್ಚು. ಟಾರ್ಗೆಟ್ ಹಾಕುವಾಗಲೇ ಕಳೆದಿಟ್ಟ ಸಮಯವಿದು. ಟಾಯ್ಲೆಟ್‌ಗೆ ಎದ್ದವರನ್ನು ತಡೆಯುವ ಸೂಪರ್‌ವೈಸರ್, ಫ್ಯಾಕ್ಟರಿಯೇ ಕೊಟ್ಟ ನಿಮಿಷಗಳನ್ನು ಕಿತ್ತುಕೊಳ್ಳುತ್ತಿದ್ದಾರೆ. ಇದು ನನಗೆ ಸಹಿಸಲಾಗದ ಸಂಗತಿ.

ಆಲ್ಟರ್ ಪೀಸ್, ಅಂದರೆ ತಪ್ಪಾಗಿ ಮತ್ತೆ ಸರಿಪಡಿಸಬೇಕಾದ ಪೀಸ್, ಎಣಿಸಲೇಬೇಕು, ತಕರಾರಿಲ್ಲ. ಆದರೆ ಹೊಲಿಗೆ ಹಾರಿದ್ದು ಸೂಜಿ ಮೊಂಡಾಗಿಯೋ, ಮಷೀನಿನ ಟೈಮಿಂಗ್ ತಪ್ಪಿಯೋ ಅಂತ ಮೆಕ್ಯಾನಿಕ್ ನೋಡಿದ ಮೇಲೆ ಹೆಸರು ಬರೆಯಿರಿ. ಸ್ಟೈಲ್ (ಹೊಲಿಯುವ ಬಟ್ಟೆಯ ವಿನ್ಯಾಸ) ಬದಲಾದ ಮೊದಲ ಎರಡು ಮೂರು ದಿನಗಳ ಅಂಕಿಯನ್ನಂತೂ ಯಾರ ಮೇಲೂ ಹೊರಿಸಬಾರದು.

ಸುಮ್ಮನೆ ಕಾದ ಸಮಯ ಲೆಕ್ಕಕ್ಕೆ ಸಿಗಲು ಮಷೀನ್ ಪಕ್ಕ ಒಂದು ಚೀಟಿ ಸಾಕು: ನಿಂತ ಹೊತ್ತು, ಶುರುವಾದ ಹೊತ್ತು, ಕಾರಣ (ಪೀಸ್ ಇಲ್ಲ, ಮಷೀನ್ ಕೆಟ್ಟಿತು, ಕರೆಂಟ್ ಹೋಯಿತು), ಸೂಪರ್‌ವೈಸರ್ ಸಹಿ. ಆಗಿಂದಾಗಲೇ ಬರೆಯಬೇಕು. ಸಂಜೆ ಕೂತು ನೆನಪಿನಿಂದ ತುಂಬಿದರೆ 15 ನಿಮಿಷ 5 ಆಗಿರುತ್ತದೆ.